ಪೆಲ್ ಗ್ರ್ಯಾಂಟ್ ಇದ್ದರೆ ಮೊದಲು ಗಿಲ್ಮನ್ ನೋಡಿ

ಮಗಳು ಅಮೆರಿಕದ ಸ್ಟೇಟ್ ಯೂನಿವರ್ಸಿಟಿಯಲ್ಲಿ ಎರಡನೇ ವರ್ಷ, ಪೆಲ್ ಗ್ರ್ಯಾಂಟ್ (ಕಡಿಮೆ ಆದಾಯದ ಮನೆಯ ಪದವಿ ವಿದ್ಯಾರ್ಥಿಗಳಿಗೆ ಅಲ್ಲಿನ ಕೇಂದ್ರ ಸರ್ಕಾರ ಕೊಡುವ ನೆರವು) ಬರುತ್ತಿದೆ, ಬೇಸಿಗೆಯಲ್ಲಿ ಆರು ವಾರ ಬೇರೆ ದೇಶದಲ್ಲಿ ಓದಲು ಸ್ಕಾಲರ್‌ಶಿಪ್ ಸಿಗುತ್ತದಾ ಅಂತ ಕೇಳಿದ್ದೀರಿ. ನಾನಾದರೆ ಮೊದಲು ಗಿಲ್ಮನ್‌ಗೆ ಅರ್ಜಿ ಹಾಕಿಸುತ್ತೇನೆ. ಪೆಲ್ ಪಡೆಯುವವರು ಹೊರದೇಶದಲ್ಲಿ ಓದಲೆಂದು ಅಮೆರಿಕ ಸರ್ಕಾರ ಕೊಡುವ ಸ್ಕಾಲರ್‌ಶಿಪ್ ಅದು. 5,000 ಡಾಲರ್‌ವರೆಗೆ ಕೊಡುತ್ತಾರೆ. ಅವರ ಪಟ್ಟಿಯಲ್ಲಿರುವ ಭಾಷೆ ಕಲಿಯಲು ಹೋಗುವವರು ಇನ್ನೂ 3,000 ಡಾಲರ್‌ವರೆಗೆ ಕೇಳಬಹುದು.

ಮಗಳು ಅಮೆರಿಕದ ಪ್ರಜೆಯೇ ಎಂಬುದನ್ನು ಮೊದಲು ನೋಡಿ. ಗ್ರೀನ್ ಕಾರ್ಡ್ ಇದ್ದವರಿಗೆ ಪೆಲ್ ಸಿಗುತ್ತದೆ, ಗಿಲ್ಮನ್ ಸಿಗುವುದಿಲ್ಲ. ಪೆಲ್ ಬರುತ್ತಿದೆ ಅಂದಮೇಲೆ ಇದೂ ಬಂದೇ ಬರುತ್ತದೆ ಅಂದುಕೊಂಡು ಅರ್ಜಿಯ ಪ್ರಬಂಧ ಬರೆಯಲು ಕೂತರೆ ಶ್ರಮವೆಲ್ಲ ದಂಡ. ಕೋರ್ಸಿಗೆ ಕ್ರೆಡಿಟ್ ಇರಬೇಕು, ಹೊರದೇಶದಲ್ಲಿ ಕನಿಷ್ಠ ಮೂರು ವಾರ ಇರಬೇಕು.

ಅರ್ಜಿ ಅಕ್ಟೋಬರ್ ಮತ್ತು ಮಾರ್ಚ್ ಆರಂಭದಲ್ಲಿ ಕೊನೆಯಾಗುತ್ತದೆ (ಆ ವರ್ಷದ ದಿನಾಂಕವನ್ನು ಅವರ ಜಾಲತಾಣದಲ್ಲೇ ನೋಡಿ). ಬೇಸಿಗೆಗೆ ಮಾರ್ಚ್ ಸಾಕು ಅನ್ನಿಸಬಹುದು. ಆದರೆ ಆ ಸುತ್ತಿನ ಫಲಿತಾಂಶ ಬರುವಷ್ಟರಲ್ಲಿ ಕೋರ್ಸಿನ ಡೆಪಾಸಿಟ್ ಕಟ್ಟಿ, ಟಿಕೆಟ್ ಕೊಂಡಾಗಿರುತ್ತದೆ. ಡೆಪಾಸಿಟ್ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಹಾಗಾಗಿ ಅಕ್ಟೋಬರಿನಲ್ಲೇ ಹಾಕಿಸಿ. ಸಬ್ಮಿಟ್ ಒತ್ತಿದ ಮೇಲೂ ಕೆಲಸ ಉಳಿದಿರುತ್ತದೆ: ಕಾಲೇಜಿನ ಸ್ಟಡಿ ಅಬ್ರಾಡ್ ಆಫೀಸು, ಫೈನಾನ್ಶಿಯಲ್ ಏಡ್ ಆಫೀಸು ಎರಡೂ ಸರ್ಟಿಫೈ ಮಾಡಬೇಕು. ಇಬ್ಬರಿಗೂ ಎರಡು ವಾರ ಮೊದಲೇ ತಿಳಿಸಿ.

ಪ್ರಬಂಧದಲ್ಲಿ "ಪ್ರಪಂಚ ನೋಡುವ ಆಸೆ" ಬೇಡ. ಈ ಕೋರ್ಸ್ ಅದೇ ದೇಶದಲ್ಲೇ ಯಾಕೆ, ಡಿಗ್ರಿಗೆ ಹೇಗೆ ಸೇರುತ್ತದೆ, ಮರಳಿ ಬಂದು ಯಾರಿಗೆ ಏನು ಮಾಡುತ್ತಾಳೆ, ಇಷ್ಟನ್ನು ಹೆಸರು, ಜಾಗ, ತಿಂಗಳ ಸಮೇತ ಬರೆಯಲಿ. ಭಾರತಕ್ಕೇ ಬರುವುದಾದರೆ ಇನ್ನೂ ಎಚ್ಚರ, ಅಜ್ಜಿ ಮನೆಗೆ ರಜೆಗೆ ಹೋದ ಹಾಗೆ ಕಾಣಬಾರದು. ಕನ್ನಡವನ್ನೇ ಕಲಿಯುವ ಮನಸ್ಸಿದ್ದರೆ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನವರು ಮೈಸೂರಿನಲ್ಲಿ ನಡೆಸುವ ಬೇಸಿಗೆ ತರಗತಿ ವಿಚಾರಿಸಿ.

ಬೇಸಿಗೆ ಪೆಲ್ ಅನ್ನೂ ಮರೆಯಬೇಡಿ. ವರ್ಷದ ಹಣ ಎರಡು ಸೆಮಿಸ್ಟರಿಗೇ ಮುಗಿದಿದ್ದರೂ 2017ರಿಂದ ವರ್ಷದ ಪೆಲ್ ಮೊತ್ತದ ಒಟ್ಟು 150% ತನಕ ಕೊಡುತ್ತಾರೆ. ಆದರೆ ಕನಿಷ್ಠ ಹಾಫ್‌ಟೈಮ್ ಓದಬೇಕು, ಅಂದರೆ ಸಾಮಾನ್ಯವಾಗಿ 6 ಕ್ರೆಡಿಟ್. 3 ಕ್ರೆಡಿಟಿನ ಒಂದೇ ಕೋರ್ಸ್ ತೆಗೆದುಕೊಂಡರೆ ಈ ಹೆಚ್ಚುವರಿ ಹಣ ಇಲ್ಲ. ಜೊತೆಗೆ ಇದು ಪೆಲ್‌ನ ಒಟ್ಟು 12 ಸೆಮಿಸ್ಟರಿನ ಮಿತಿಯಲ್ಲೇ ಕಳೆಯುತ್ತದೆ.

ಏಡ್ ಆಫೀಸಿನಲ್ಲಿ ವಿಮಾನ, ವಸತಿ, ಪಾಸ್‌ಪೋರ್ಟ್, ವೀಸಾ ಎಲ್ಲ ಸೇರಿಸಿ ಬೇಸಿಗೆಯ ಬಜೆಟ್ (ಓದಿನ ಖರ್ಚೆಂದು ಕಾಲೇಜು ಲೆಕ್ಕ ಹಾಕುವ ಮೊತ್ತ, ಒಟ್ಟು ನೆರವು ಅದನ್ನು ಮೀರುವಂತಿಲ್ಲ) ಏರಿಸಲು ಕೇಳಿ. ಏರಿಸದಿದ್ದರೆ ಸ್ಕಾಲರ್‌ಶಿಪ್ ಬಂದಷ್ಟೂ ಬೇರೆ ನೆರವಿಗೆ ಕತ್ತರಿ ಬೀಳಬಹುದು. ಕೋರ್ಸಿನ ಫೀಸಿಗೆ (ಟ್ಯೂಷನ್) ಹೋದ ಸ್ಕಾಲರ್‌ಶಿಪ್ ಹಣಕ್ಕೆ ತೆರಿಗೆ ಇಲ್ಲ, ವಿಮಾನಕ್ಕೆ, ಊಟ-ವಸತಿಗೆ ಹೋದದ್ದು ಆದಾಯದ ಲೆಕ್ಕಕ್ಕೆ ಬರುತ್ತದೆ. ರಸೀದಿಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಲಿ.