ಸಮಾಧಿ 18ನೇ ರಾಜವಂಶದ್ದು, ಒಳಗಿರೋಳು 22ನೇದು, ಹೇಗೆ?

ಈಜಿಪ್ಟ್‌ನ ರಾಜರ ಕಣಿವೆಯ ಕೆವಿ64 ಸಮಾಧಿಗೂ ಅದರೊಳಗೆ ಸಿಕ್ಕಿದ ನೆಹ್ಮೆಸ್ ಬಾಸ್ಟೆಟ್ ಅನ್ನೋ ಹೆಂಗಸಿಗೂ ಬೇರೆ ಬೇರೆ ಕಾಲ ಯಾಕೆ ಅಂತ ಕೇಳಿದ್ರಲ್ಲ, ಇದು ಪ್ರಿಂಟ್ ಮಿಸ್ಟೇಕ್ ಅಲ್ಲ, ಆ ಸಮಾಧಿಯನ್ನ ಎರಡು ಸಲ ಬಳಸಿದಾರೆ, ಅದಕ್ಕೇ ನಿಮ್ಮ ಸೆಮಿನಾರ್ ನೋಟ್ಸ್‌ನಲ್ಲಿ ಎರಡು ಕಾಲ ಬಂದಿದೆ. ನೀವು ಓದಿದ ಪುಸ್ತಕ ಯಾವ್ದೋ ಗೊತ್ತಿಲ್ಲ, ಬಹುಶಃ ಎರಡನ್ನೂ ಒಂದೇ ಪ್ಯಾರಾದಲ್ಲಿ ಸೇರಿಸಿರ್ಬೇಕು.

ಮೊದ್ಲು ಎರಡನ್ನೂ ಬೇರೆ ಮಾಡಿ. ಕೊಠಡಿ ಕೊರೆದಿದ್ದು 18ನೇ ರಾಜವಂಶದಲ್ಲಿ, ಆಗ ಹೂತಿದ್ದವರ ಸಮಾಧಿನ ಕಳ್ಳರು ದೋಚಿ ಚೆಲ್ಲಾಪಿಲ್ಲಿ ಮಾಡಿದ್ರು. ಸುಮಾರು 500 ವರ್ಷ ಆದ್ಮೇಲೆ ಹಾಗೆ ಉಳಿದ ಕಸಮಣ್ಣಿನ ಮೇಲೆ ನೆಹ್ಮೆಸ್ ಬಾಸ್ಟೆಟ್ ಶವಪೆಟ್ಟಿಗೆ ಇಟ್ರು, ಅದನ್ನ ಯಾರೂ ಮುಟ್ಟಿರ್ಲಿಲ್ಲ, 2012ರಲ್ಲಿ ಬಾಸೆಲ್ ಯೂನಿವರ್ಸಿಟಿ ತಂಡ ಒಳಗೆ ಹೋದಾಗ ಕಪ್ಪು ಬಳಿದ ಮರದ ಪೆಟ್ಟಿಗೆ ಮೇಲೆ ಹಳದಿ ಚಿತ್ರಲಿಪಿ ಹಾಗೇ ಇತ್ತು, ಪಕ್ಕದಲ್ಲೇ ಬಣ್ಣ ಹಚ್ಚಿದ ಪುಟ್ಟ ಮರದ ಫಲಕ. ಅವಳ ಹೆಸರು ಗೊತ್ತಾಗಿದ್ದೇ ಈ ಬರಹದಿಂದ. ಫೋಟೋ ಹಾಕೋದಾದ್ರೆ ಇದನ್ನೇ ಹಾಕಿ.

ಆಮೇಲೆ 'ರಾಣಿ' ಅಂತ ಬರೆದಿರೋದನ್ನ ತೆಗೀರಿ. ರಾಜರ ಕಣಿವೆಯಲ್ಲಿ ಸಿಕ್ಕಿದ್ಳು ಅಂತ ರಾಣಿ ಆಗಲ್ಲ, ಅವಳು ಕಾರ್ನಾಕ್ ದೇವಸ್ಥಾನದ ಪುರೋಹಿತನ ಮಗಳು, ಅಮುನ್ ದೇವರ ಗಾಯಕಿ. 'ಗಾಯಕಿ' ಅಂದ್ರೆ ಬರೀ ಹಾಡುಗಾರ್ತಿ ಅನ್ಕೋಬೇಡಿ, ಪೂಜೆಯಲ್ಲಿ ಹಾಡೋ ಗೌರವದ ಪದವಿ ಅದು, ಆ ಕಾಲದಲ್ಲಿ ದೊಡ್ಡ ಮನೆತನದ ತುಂಬಾ ಹೆಂಗಸರಿಗೆ ಇತ್ತು.

ಕೊನೆಗೆ ಸ್ಲೈಡ್ ಕೆಳಗೆ ಹೀಗೆ ಹಾಕಿ: 'ನೆಹ್ಮೆಸ್ ಬಾಸ್ಟೆಟ್, ಅಮುನ್ ಗಾಯಕಿ, 22ನೇ ರಾಜವಂಶ, 18ನೇ ರಾಜವಂಶದ ಸಮಾಧಿಯ ಮರುಬಳಕೆ.' ಮೇಷ್ಟ್ರು 500 ವರ್ಷದ ವ್ಯತ್ಯಾಸ ಯಾಕೆ ಅಂತ ಕೇಳಿದ್ರೆ ಪೆಟ್ಟಿಗೆ ಕೆಳಗಿನ ಕಸಮಣ್ಣಿನ ವಿಷಯ ಹೇಳಿ.