ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಪಾತ್ರ ಮುಖ್ಯವೋ, ಹೊಡೆದಾಟ ಮುಖ್ಯವೋ?

ನೀವು ಈಗಷ್ಟೇ ಸೂಪರ್‌ಹೀರೋ ಕಾಮಿಕ್ಸ್ ಓದಲು ಶುರು ಮಾಡಿದ್ದೀರಿ, ಹೊಡೆದಾಟ ಬಂದ ಕೂಡಲೇ ಪುಟ ಹಾರಿಸುತ್ತೀರಿ, ನಿಮ್ಮ ಗೆಳೆಯರು ಮಾತ್ರ ‘ಹೊಡೆದಾಟಕ್ಕೇ ಅಲ್ವಾ ಅದನ್ನು ಓದುವುದು’ ಅನ್ನುತ್ತಾರೆ, ಇದರಲ್ಲಿ ಯಾರದು ಸರಿ ಅಂತ ಕೇಳಿದ್ದೀರಿ. ನನಗೆ ಪಾತ್ರವೇ ಮುಖ್ಯ. ಆದರೆ ದಯವಿಟ್ಟು ಹೊಡೆದಾಟದ ಪುಟ ಹಾರಿಸಬೇಡಿ. ಒಳ್ಳೆಯ ಕಾಮಿಕ್ಸ್‌ನಲ್ಲಿ ಆ ಮನುಷ್ಯ ಎಂಥವನು ಅಂತ ಗೊತ್ತಾಗುವುದು ಅಲ್ಲೇ.

ನಾನು ಕಾಸರಗೋಡು ಜಿಲ್ಲೆಯವನು, ಬದಿಯಡ್ಕದ ಹತ್ತಿರ ಮನೆ. ಕನ್ನಡ ಮೀಡಿಯಂನಲ್ಲಿ ಓದಿದ್ದು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಪಕ್ಕದ ಮನೆಯ ಅಣ್ಣ ದುಬೈಯಿಂದ ರಜೆಗೆ ಬರುವಾಗ ಒಂದು ಕಟ್ಟು ಇಂಗ್ಲಿಷ್ ಕಾಮಿಕ್ಸ್ ತಂದಿದ್ದರು. ನನಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಚಿತ್ರ ಮಾತ್ರ ನೋಡುತ್ತಿದ್ದೆ. ಯಾರು ಯಾರಿಗೆ ಹೊಡೆದರು, ಯಾವ ಕಟ್ಟಡ ಬಿತ್ತು, ಅಷ್ಟೇ. ಅದರಲ್ಲಿ ಹೆಚ್ಚಿನವು ಮರೆತೇ ಹೋದವು. ಒಂದು ಮಾತ್ರ ತಲೆಯಲ್ಲಿ ಕೂತುಬಿಟ್ಟಿತು.

ಅದರಲ್ಲಿ ಸ್ಪೈಡರ್‌ಮ್ಯಾನ್ ಮೇಲೆ ದೊಡ್ಡ ಯಂತ್ರವೊಂದು ಬಿದ್ದಿದೆ. ಸುತ್ತ ನೀರು ಸೋರುತ್ತಿದೆ. ಸ್ವಲ್ಪ ದೂರದಲ್ಲಿ ಒಂದು ಡಬ್ಬಿ, ಕೈಗೆ ಸಿಗುತ್ತಿಲ್ಲ. ಪುಟದಿಂದ ಪುಟಕ್ಕೆ ಅವನು ಆ ಕಬ್ಬಿಣವನ್ನು ಎತ್ತಲು ನೋಡುತ್ತಾನೆ, ಆಗುವುದಿಲ್ಲ, ತಲೆ ತಗ್ಗಿಸುತ್ತಾನೆ, ಮತ್ತೆ ನೋಡುತ್ತಾನೆ. ಕೊನೆಗೆ ಒಂದು ಇಡೀ ಪುಟದ ಚಿತ್ರ. ಎತ್ತಿಯೇ ಬಿಟ್ಟ! ಆ ಜಾಗದಲ್ಲಿ ಎದುರಾಳಿಯೇ ಇಲ್ಲ, ಒಂದೇ ಒಂದು ಗುದ್ದಿಲ್ಲ. ಆದರೂ ಆ ಕಟ್ಟಿನಲ್ಲಿದ್ದ ಯಾವ ಹೊಡೆದಾಟವೂ ನನ್ನನ್ನು ಅಷ್ಟು ಹಿಡಿದಿಟ್ಟಿರಲಿಲ್ಲ.

ಕಾಲೇಜಿಗೆ ಬಂದ ಮೇಲೆ ಅದನ್ನೇ ಹುಡುಕಿ, ಮಾತುಗಳ ಸಮೇತ ಓದಿದೆ. ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ 33ನೇ ಸಂಚಿಕೆ, 1966ರದ್ದು. ಚಿತ್ರ ಸ್ಟೀವ್ ಡಿಟ್ಕೊ, ಮಾತು ಸ್ಟಾನ್ ಲೀ. ಆ ಡಬ್ಬಿಯಲ್ಲಿರುವುದು ಮೇ ದೊಡ್ಡಮ್ಮನಿಗೆ ಬೇಕಾದ ಮದ್ದು. ಹಿಂದೆ ಪೀಟರ್, ಅಂದರೆ ಮುಖವಾಡ ತೆಗೆದ ಸ್ಪೈಡರ್‌ಮ್ಯಾನ್, ಅವಳಿಗೆ ರಕ್ತ ಕೊಟ್ಟಿದ್ದ, ಅದರಲ್ಲಿದ್ದ ವಿಕಿರಣದಿಂದಲೇ ಅವಳು ಈಗ ಸಾಯುವ ಸ್ಥಿತಿಗೆ ಬಂದಿದ್ದಾಳೆ. ಬೆನ್ ದೊಡ್ಡಪ್ಪ ಸತ್ತದ್ದೂ ತನ್ನಿಂದಲೇ ಅಂತ ಅವನು ಮೊದಲೇ ಕೊರಗುತ್ತಿದ್ದವನು. ಇನ್ನೊಬ್ಬರನ್ನೂ ಕಳೆದುಕೊಳ್ಳಲಾರೆ ಅನ್ನುವ ಸಂಕಟ ಅದು. ಮಾತು ಓದಲು ಬಾರದ ಕಾಲದಲ್ಲೂ ಆ ಸಂಕಟ ನನಗೆ ಮುಟ್ಟಿತ್ತಲ್ಲ, ಅದೇ ನನ್ನ ಕಣ್ಣು ತೆರೆಸಿದ್ದು. ಪಾತ್ರ ಅಂದರೆ ಬಲೂನಿನೊಳಗಿನ ಮಾತು ಮಾತ್ರ ಅಲ್ಲ. ಬಗ್ಗಿದ ಬೆನ್ನು, ನಡುಗುವ ಕೈ, ಚೌಕದಿಂದ ಚೌಕಕ್ಕೆ ದೊಡ್ಡದಾಗುತ್ತಾ ಹೋಗುವ ಚಿತ್ರ, ಇದೆಲ್ಲ ಪಾತ್ರವೇ.

ಅವನ ಮೊದಲ ಕತೆಯನ್ನೂ ನೋಡಿ, 1962ರದ್ದು. ಬರೀ 11 ಪುಟ. ಕಳ್ಳನೊಬ್ಬ ಎದುರಿಗೇ ಓಡಿಹೋದಾಗ ತನಗೇನು ಅಂತ ಪೀಟರ್ ಸುಮ್ನೆ ಬಿಡುತ್ತಾನೆ. ಆಮೇಲೆ ದೊಡ್ಡಪ್ಪನ ಕೊಲೆಯಾಗುತ್ತದೆ. ಕೊಲೆಗಾರನನ್ನು ಅಟ್ಟಿಸಿಕೊಂಡು ಹೋಗಿ ಹೊಡೆದು ಹಿಡಿದಾಗ ಮುಖ ಕಾಣಿಸುತ್ತದೆ, ಅದೇ ಕಳ್ಳ. ಆ ಹೊಡೆದಾಟದ ಪುಟ ಹಾರಿಸಿದರೆ ಇಡೀ ಕತೆಯೇ ಹೋಯಿತು.

ನಮ್ಮ ಕಡೆ ಇದು ಹೊಸ ವಿಷಯ ಅಲ್ಲ. ಯಕ್ಷಗಾನದ ಬಯಲಾಟಕ್ಕೆ ಇಲ್ಲಿ ‘ಆಟ’ ಅನ್ನುತ್ತೇವೆ, ತಾಳಮದ್ದಳೆಗೆ ‘ಕೂಟ’. ಚಿಕ್ಕವರಿದ್ದಾಗ ದೇವಿ ಮಹಾತ್ಮೆ ಆಟಕ್ಕೆ ಹೋದರೆ ‘ಮಹಿಷಾಸುರ ಬರುವಾಗ ಎಬ್ಬಿಸಿ’ ಅಂತ ಅಮ್ಮನಿಗೆ ಹೇಳಿ ಮಲಗುತ್ತಿದ್ದೆವು. ದೊಂದಿ, ಬೆಂಕಿ, ಚೆಂಡೆ, ಜನರ ನಡುವಿನಿಂದಲೇ ಅಬ್ಬರಿಸಿಕೊಂಡು ಬರುವ ಆ ಬಣ್ಣದ ವೇಷ. ಅದು ಬೇಡ ಅನ್ನಲು ನನಗೆ ಇವತ್ತಿಗೂ ಮನಸ್ಸಿಲ್ಲ. ಆದರೆ ದೊಡ್ಡವನಾದ ಮೇಲೆ ಕರ್ಣಪರ್ವ ನೋಡುವಾಗ ನಾನು ಕಾಯುವುದು ರಥದ ಚಕ್ರ ಹೂತುಹೋದ ಹೊತ್ತಿಗೆ. ಕರ್ಣ ಸಾಯುತ್ತಾನೆ ಅಂತ ಅಲ್ಲಿ ಕೂತ ಎಲ್ಲರಿಗೂ ಗೊತ್ತು, ಹೋದ ವರ್ಷವೂ ಸತ್ತಿದ್ದಾನೆ, ಮುಂದಿನ ವರ್ಷವೂ ಸಾಯುತ್ತಾನೆ. ಇವತ್ತಿನ ಕಲಾವಿದರು ಅವನ ಒಳಗಿನಿಂದ ಏನನ್ನು ಹೊರಗೆ ತರುತ್ತಾರೆ ಅಂತ ನೋಡಲು ಹೋಗುವುದು.

ಸೂಪರ್‌ಹೀರೋಗಳ ಕತೆಯೂ ಹಾಗೇ. ‘ಪಾತ್ರದ ಬೆಳವಣಿಗೆ’ ಅನ್ನುವ ಮಾತನ್ನು ಸ್ವಲ್ಪ ಹುಷಾರಾಗಿ ಬಳಸಬೇಕು ಅನ್ನಿಸುವುದು ಇದಕ್ಕೇ. ಸೂಪರ್‌ಮ್ಯಾನ್ 1938ರಿಂದ ಇದ್ದಾನೆ. ಮಾರಾಟ ನಡೆಯುತ್ತಿರಬೇಕು, ಆದ್ದರಿಂದ ಅವನು ಪೂರ್ತಿ ಬದಲಾಗುವಂತಿಲ್ಲ. ಸತ್ತರೂ ವಾಪಸ್ ಬರುತ್ತಾನೆ. 1992ರಲ್ಲಿ ಅವನನ್ನು ಸಾಯಿಸಿದರು, ಮರು ವರ್ಷವೇ ಬಂದ. ಅವನು ಬದಲಾಗಬೇಕು ಅಂತ ನಾನು ಕಾಯುವುದಿಲ್ಲ. ಅವನೊಳಗೆ ನಾನು ಇನ್ನೂ ನೋಡದೇ ಇದ್ದದ್ದು ಏನಾದರೂ ಹೊರಗೆ ಬರಬೇಕು, ಅಷ್ಟು ಸಾಕು.

ಆ ಸಾವಿನ ಕತೆಯಲ್ಲಿ ಭರ್ಜರಿ ಹೊಡೆದಾಟ ಇದೆ. ಕೊನೆಯ ನಾಲ್ಕು ಸಂಚಿಕೆಗಳಲ್ಲಿ ಮೊದಲನೆಯದರಲ್ಲಿ ಪುಟಕ್ಕೆ ನಾಲ್ಕು ಚಿತ್ರ, ಮುಂದಿನದರಲ್ಲಿ ಮೂರು, ಆಮೇಲೆ ಎರಡು, ಕೊನೆಯದರಲ್ಲಿ ಪುಟಕ್ಕೊಂದೇ. ಚೆಂಡೆಯ ಪೆಟ್ಟು ಏರಿದ ಹಾಗೆ ಏರುತ್ತದೆ, ಆ ಕಟ್ಟುವಿಕೆ ನನಗೆ ನಿಜಕ್ಕೂ ಇಷ್ಟ. ಆದರೆ ಎದುರಿಗಿರುವ ಡೂಮ್ಸ್‌ಡೇ ಬರೀ ಒಡೆಯುವ ಪ್ರಾಣಿ. ಅವನಿಗೆ ಒಂದು ಮನಸ್ಸಿಲ್ಲ, ಅವರಿಬ್ಬರ ನಡುವೆ ಹಳೆಯ ಲೆಕ್ಕವೂ ಇಲ್ಲ. ಗುದ್ದಿನ ಮೇಲೆ ಗುದ್ದು ಬೀಳುತ್ತದೆ, ಸೂಪರ್‌ಮ್ಯಾನ್ ಬಗ್ಗೆ ಹೊಸದಾಗಿ ಜಾಸ್ತಿ ಏನೂ ತಿಳಿಯುವುದಿಲ್ಲ. ನನ್ನ ಕಣ್ಣು ಒದ್ದೆಯಾದದ್ದು ಅದು ಮುಗಿದ ಮೇಲೆ. ಊರೆಲ್ಲ ಸೇರಿ ಅವನ ಶವಯಾತ್ರೆ ಮಾಡುವಾಗ ಸಾಕಿದ ಅಪ್ಪ ಅಮ್ಮ ದೂರದ ತಮ್ಮ ಊರಿನಲ್ಲೇ ಟಿವಿ ಎದುರು ಕೂತು ನೋಡಬೇಕಾಗುತ್ತದೆ. ಅವನು ನಮ್ಮ ಮಗ ಅಂತ ಯಾರಿಗೂ ಹೇಳುವ ಹಾಗಿಲ್ಲವಲ್ಲ.

ಹಾಗಂತ ಬರೀ ಮಾತು ಸಾಕು ಅಂತಲೂ ಅಲ್ಲ. ಕೂಟದಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಅರ್ಥಧಾರಿಗಳು ಕೂತಲ್ಲೇ ಮಾತಾಡಿ ಯುದ್ಧವನ್ನೇ ಕಣ್ಣಿಗೆ ಕಟ್ಟುತ್ತಾರೆ. ಅದು ದನಿಯ ಬಲ. ಕಾಮಿಕ್ಸ್‌ಗೆ ದನಿ ಇಲ್ಲ. ಇಬ್ಬರು ಎದುರುಬದುರು ನಿಂತು ಪುಟಗಟ್ಟಲೆ ತಮ್ಮ ನೋವು ಹೇಳಿಕೊಳ್ಳುವ ಸಂಚಿಕೆಗಳು ಈಗ ಬೇಕಾದಷ್ಟು ಬರುತ್ತವೆ, ಅವು ನನಗೆ ತುಂಬ ಬೇಸರ ತರಿಸುತ್ತವೆ. ತಿಂಗಳಿಗೆ ಸಿಗುವುದೇ ಸುಮಾರು 20 ಪುಟದ ಕತೆ. ಅದರಲ್ಲಿ ಸುಮ್ನೆ ಗೋಡೆ ಒಡೆದರೂ ನಷ್ಟ, ಸುಮ್ನೆ ಮಾತಾಡಿದರೂ ನಷ್ಟ.

ಆದ್ದರಿಂದ ನೀವು ಹೊಡೆದಾಟದ ಪುಟಕ್ಕೆ ಬಂದಾಗ ಒಂದು ವಿಷಯ ನೋಡಿ. ಇಲ್ಲಿ ಈ ಮನುಷ್ಯ ಏನನ್ನಾದರೂ ಆಯ್ಕೆ ಮಾಡಬೇಕಾಗಿದೆಯಾ? ಏನನ್ನಾದರೂ ಕಳೆದುಕೊಳ್ಳುವ ಭಯ ಇದೆಯಾ? ಇದ್ದರೆ ನಿಧಾನವಾಗಿ ಓದಿ. ಇಲ್ಲದಿದ್ದರೆ ಬೇಗ ದಾಟಿದರೂ ತೊಂದರೆ ಇಲ್ಲ.

ಸ್ಪೈಡರ್‌ಮ್ಯಾನ್‌ನ 31, 32, 33ನೇ ಸಂಚಿಕೆಗಳನ್ನು ಸಾಲಾಗಿ ಓದಿ. ಮೂರೂ ಸೇರಿ ಒಂದೇ ಕತೆ. ಯಂತ್ರ ಎತ್ತುವ ಆ ಪುಟಗಳು ಬಂದಾಗ ಬಲೂನು ಓದದೆ ಮೊದಲು ಚಿತ್ರ ಮಾತ್ರ ನೋಡಿ. ಆಮೇಲೆ ಮಾತು ಓದಿ. ನಿಮಗೆ ಹೇಗನ್ನಿಸಿತು ಅಂತ ಇಲ್ಲೇ ಬರೆಯಿರಿ.