1983ರ ಗಾರ್ಫೀಲ್ಡ್ ಕೆಡೆಟ್ಸ್ ಡ್ರಿಲ್‌ನಲ್ಲಿ ಹೊಸದೇನಿತ್ತು?

ಡ್ರಮ್ ಕೋರ್‌ಗಳು (ಹಿತ್ತಾಳೆ ವಾದ್ಯ ಹಾಗೂ ಡ್ರಮ್ ನುಡಿಸುತ್ತ ಡ್ರಿಲ್, ಅಂದರೆ ಕವಾಯತು ನಡೆಸುವ ತಂಡಗಳು) ಮೊದಲಿನಿಂದಲೂ ಮೈದಾನದಲ್ಲಿ ಆಕೃತಿಗಳನ್ನು ರಚಿಸುತ್ತಿದ್ದಾಗ, 1983ರಲ್ಲಿ ಇವುಗಳ ಸ್ಪರ್ಧೆಯಾದ ಡಿಸಿಐ (ಡ್ರಮ್ ಕೋರ್ ಇಂಟರ್‌ನ್ಯಾಷನಲ್) ಪ್ರಶಸ್ತಿ ಗೆದ್ದ ಗಾರ್ಫೀಲ್ಡ್ ಕೆಡೆಟ್ಸ್ ತಂಡವನ್ನೇ ಏಕೆ ಇಷ್ಟು ಹೊಗಳುತ್ತಾರೆ ಎಂದು ಕೇಳಿದ್ದೀರಿ. ಅಮೆರಿಕದ ಈ ತಂಡಗಳ ರಚನೆಗಳು ಅಲ್ಲಿಯವರೆಗೆ ಬಹುಮಟ್ಟಿಗೆ ಮೈದಾನದ ನಡುವಿನ 50 ಗಜದ ಗೆರೆಯ ಎರಡೂ ಬದಿಗೆ ಸಮನಾಗಿ ಹರಡಿಕೊಂಡು, ಒಂದು ಚಿತ್ರ ಪೂರ್ಣಗೊಂಡ ಮೇಲೆ ಮುಂದಿನದಕ್ಕೆ ಸಾಗುತ್ತಿದ್ದವು. ಕೆಡೆಟ್ಸ್‌ನ ವಿನ್ಯಾಸಕ ಜಾರ್ಜ್ ಜಿಂಗಾಲಿ ಆ ಸಮಮಿತಿಯನ್ನು ಕೈಬಿಟ್ಟು, ಬಾಗಿದ ರೇಖೆಗಳು ವೇಗವಾಗಿ ಚಲಿಸುತ್ತಲೇ ರೂಪ ಬದಲಿಸುವಂತೆ ಹೆಣೆದುದರಿಂದ, ಆಕೃತಿಗಳ ನಡುವಿನ ರೂಪಾಂತರವೇ ಪ್ರದರ್ಶನದ ಜೀವಾಳವಾಯಿತು.

ಇದರ ಕಷ್ಟ ದೂರದಿಂದ ಕಾಣುವುದಿಲ್ಲ. ಸಾಮಾನ್ಯ ನಡಿಗೆಯಲ್ಲಿ 5 ಗಜಕ್ಕೆ 8 ಹೆಜ್ಜೆ, ಅಂದರೆ ಪ್ರತಿ ಹೆಜ್ಜೆ 22.5 ಇಂಚು, ಎಲ್ಲರಿಗೂ ಒಂದೇ. ಆದರೆ ಬಾಗಿದ ರೇಖೆಯೊಂದು ತಿರುಗುವಾಗ ತಾಳ ಒಂದೇ ಆಗಿದ್ದರೂ ಹೊರತುದಿಯವರು ಉದ್ದನೆಯ ಹೆಜ್ಜೆಯನ್ನೂ ಒಳತುದಿಯವರು ಚಿಕ್ಕ ಹೆಜ್ಜೆಯನ್ನೂ ಇಡಬೇಕು, ಅದೂ ವಾದ್ಯ ನುಡಿಸುತ್ತ, ಎದೆಯನ್ನು ಪ್ರೇಕ್ಷಕರತ್ತ ತಿರುಗಿಸಿಕೊಂಡು. ಒಬ್ಬರು ಅರ್ಧ ಹೆಜ್ಜೆ ತಪ್ಪಿದರೂ ಬಾಗು ಮುರಿದಂತೆ ಕಾಣುತ್ತದೆ.

ನನ್ನ ಮಟ್ಟಿಗೆ ಜಿಂಗಾಲಿಯವರ ಶ್ರೇಷ್ಠ ಕೆಲಸವೆಂದರೆ 1991ರ ಸ್ಟಾರ್ ಆಫ್ ಇಂಡಿಯಾನಾ ತಂಡದ, ಒಂದು ಶಿಲುಬೆ ಇನ್ನೊಂದು ಶಿಲುಬೆಯಾಗಿ ಮಾರ್ಪಡುವ ಭಾಗ. (ಆ ವರ್ಷದ ಪ್ರಶಸ್ತಿಯೂ ಆ ತಂಡಕ್ಕೇ ಸಂದಿತು.) 1983 ಮತ್ತು 1991ರ ಎರಡೂ ಪ್ರದರ್ಶನಗಳನ್ನು ಎತ್ತರದ ಕ್ಯಾಮೆರಾದಿಂದ ತೆಗೆದ ದೃಶ್ಯಗಳಲ್ಲಿಯೇ ನೋಡಿ, ಸಮೀಪದ ಚಿತ್ರಣದಲ್ಲಿ ವಿನ್ಯಾಸ ಕೈಗೆ ಸಿಗುವುದಿಲ್ಲ.